ಅಡವೆಯ್ಯಜ್ಜನವರು ಬೇಡಿದ ನೆಲ

ಸೂಗಿಹಾಳದ ದೇಸಾಯರ ಮನೆತನ ನಿನ್ನೆ ಮೊನ್ನೆಯದಲ್ಲ. ಪೇಶವೆಯವರು ಕೊಟ್ಟ ಸನದು ಆ ವಾಡೆಯ ದೇವರ ಕೋಣೆಯಲ್ಲಿ ಇಂದಿಗೂ ರೇಷ್ಮೆಬಟ್ಟೆಯಲ್ಲಿ ಸುತ್ತಿಟ್ಟ ಹಾಗೆಯೇ ಇದೆ. ಬರ ಬಿದ್ದ ವರ್ಷ ಹಗೇವು ತೆಗೆದು ಇಡೀ ಊರಿಗೆ ಜೋಳ ಅಳೆದು ಕೊಟ್ಟವರು ಅವರು. ಊರಿನ ಶಾಲೆಗೆ ಮೊದಲ ಕೋಣೆ ಕಟ್ಟಿಸಿದವರು ಅವರು. ಆ ಮನೆಯವರು ಯಾರ ಮುಂದೆಯೂ ಕೈ ಚಾಚಿದ್ದಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದ್ದಿಲ್ಲ, ಕೊಟ್ಟ ಮಾತಿಗೆ ಹಿಂದೆ ಸರಿದದ್ದಿಲ್ಲ. ಇದನ್ನು ಮೊದಲೇ ಹೇಳುವುದು ಬಡಾಯಿಗಾಗಿ ಅಲ್ಲ. ಇಂಥ ಮನೆಯ ಹೆಣ್ಣುಮಗಳೊಬ್ಬರು ಸದ್ಗುರುಗಳ ಒಂದು ಮಾತಿಗೆ ಏನಾದರು ಎಂಬುದು ತಿಳಿಯಬೇಕಾದರೆ, ಮೊದಲು ಏನಾಗಿದ್ದರು ಎಂಬುದೂ ತಿಳಿದಿರಬೇಕು.

ನೀಲಾಂಬಿಕಾದೇವಿಯವರು ಆ ಮನೆಯ ಹಿರಿಯ ಮಗಳು. ಬೆಳಗಾವಿಯ ಕಾನ್ವೆಂಟಿನಲ್ಲಿದ್ದುಕೊಂಡು ಓದಿದವರು. ಬೆನ್ನು ಬಾಗಿಸಿ ಕೂರಬಾರದು, ಉಣ್ಣುವಾಗ ಸದ್ದು ಮಾಡಬಾರದು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರಬೇಕು ಎಂದು ಅಲ್ಲಿನ ಸಿಸ್ಟರುಗಳು ಕಲಿಸಿದ್ದನ್ನು ಅವರು ಕೊನೆಯತನಕ ಬಿಡಲಿಲ್ಲ. ಮದುವೆಯಾದ ಕೆಲವೇ ವರ್ಷಗಳಲ್ಲಿ ಪತಿಯನ್ನು ಕಳೆದುಕೊಂಡು ತವರಿಗೆ ಮರಳಿದರು. ಮಕ್ಕಳಿರಲಿಲ್ಲ. ಮದುವೆಯಲ್ಲಿ ತಂದೆಯವರು ಅರಿಷಿಣ ಕುಂಕುಮಕ್ಕೆಂದು ಅವರ ಹೆಸರಿಗೆ ಮಾಡಿಕೊಟ್ಟ ಭೂಮಿಯೊಂದಿತ್ತು. ಊರ ಪಡುವಲಿಗೆ, ಸ್ವಲ್ಪ ಎತ್ತರದಲ್ಲಿದ್ದ ಆ ಕೆಂಪುನೆಲವನ್ನು ಊರವರು ಮರಡಿ ಹೊಲ ಎನ್ನುತ್ತಿದ್ದರು. ಅದರ ಸಾಗುವಳಿ ಮಾಡಿಸಿಕೊಂಡು ಬರುತ್ತಿದ್ದವರು ಅವರ ತಮ್ಮ ಬಸವಪ್ರಭು ದೇಸಾಯರು.

ಅದೇ ಊರಿನ ಮೂಡಲಿಗೆ, ಸಿಹಿನೀರ ಬಾವಿಯ ಪಕ್ಕದ ತಗಡಿನ ಚಪ್ಪರದ ಕೆಳಗೆ, ಪರಮಪೂಜ್ಯ ಅಡವೆಯ್ಯಜ್ಜನವರು ವಾಸವಾಗಿದ್ದರು. ಅವರಿಗೆ ಮಠವಿರಲಿಲ್ಲ, ಪಲ್ಲಕ್ಕಿ ಇರಲಿಲ್ಲ, ಬಿರುದುಗಳಿರಲಿಲ್ಲ. ಎಲ್ಲಿಂದ ಬಂದರೆಂದು ಕೇಳಿದವರಿಗೆ ಬಾವಿಯ ಕಡೆ ಕೈತೋರಿಸಿ ನಗುತ್ತಿದ್ದರು. ಪುಂಡಿನಾರಿನ ಹಗ್ಗ ಹೊಸೆಯುವುದು ಅವರ ಕಾಯಕ. ಬಾವಿಗೆ, ಎತ್ತಿಗೆ, ತೊಟ್ಟಿಲಿಗೆ, ಸತ್ತವರನ್ನು ಒಯ್ಯುವ ವಿಮಾನಕ್ಕೆ, ಯಾರು ಬಂದು ಕೇಳಿದರೂ ಕೊಡುತ್ತಿದ್ದರು, ಬೆಲೆ ಹೇಳುತ್ತಿರಲಿಲ್ಲ. ಆದರೆ ಅವರಲ್ಲಿ ಒಂದು ರೂಢಿಯಿತ್ತು. ಹಗ್ಗ ಹೊಸೆಯಲು ಆ ತುದಿಗೊಬ್ಬರು ಬೇಕಲ್ಲವೆ. ದರ್ಶನಕ್ಕೆ ಯಾರೇ ಬರಲಿ, ಮೊದಲು ಆ ತುದಿ ಹಿಡಿಯಬೇಕು. ಮಾಮಲೇದಾರರು ಹಿಡಿದಿದ್ದರು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳು ಮೋಟಾರಿನಿಂದ ಇಳಿದು ಬಂದು ಹಿಡಿದಿದ್ದರು. ಹಗ್ಗದ ಹುರಿ ಬಿಗಿಯಾಗುತ್ತ ಬಂದ ಹಾಗೆ ಮನಸ್ಸಿನ ಗಂಟು ಸಡಿಲಾಗುತ್ತದೆಂದು ಹಿಡಿದವರೆಲ್ಲ ಹೇಳುತ್ತಿದ್ದರು.

ನೀಲಾಂಬಿಕಾದೇವಿಯವರು ಮಾತ್ರ ಹಿಡಿದಿರಲಿಲ್ಲ. ಭಕ್ತಿಗೆ ಅವರಲ್ಲಿ ಕೊರತೆಯಿರಲಿಲ್ಲ. ಹುಣ್ಣಿಮೆಗೊಮ್ಮೆ ಹಣ್ಣುಕಾಯಿ ತಪ್ಪಿಸಿದವರಲ್ಲ. ಆದರೆ ತುದಿ ಹಿಡಿಯಲು ಜೊತೆಗೆ ಆಳನ್ನು ಕರೆತರುತ್ತಿದ್ದರು. ತಾವು ಕೊಡೆಯ ನೆರಳಿನಲ್ಲಿ ನಿಂತು ಕೈಮುಗಿದು ಹೊರಡುತ್ತಿದ್ದರು. ಅಜ್ಜನವರು ಅದಕ್ಕೆ ಏನೂ ಅಂದವರಲ್ಲ.

ಆ ಕಡೆಯ ನಮ್ಮ ಜನರಲ್ಲಿ ಸತ್ತವರನ್ನು ಸುಡುವ ಪದ್ಧತಿಯಿಲ್ಲ. ಕೂತಂತೆಯೇ ಮಣ್ಣಿಗೆ ಕೊಡುತ್ತಾರೆ. ಹೊಲವಿದ್ದವರ ಸಮಾಧಿ ಅವರವರ ಹೊಲದಲ್ಲಿ. ಹೊಲವಿಲ್ಲದವರಿಗೆ ಸೂಗಿಹಾಳದಲ್ಲಿ ಇದ್ದದ್ದು ಹಳ್ಳದ ದಂಡೆಯೊಂದೇ. ಬೇಸಿಗೆಯಲ್ಲಿ ಸತ್ತವರದು ಹೇಗೋ ನಡೆಯುತ್ತಿತ್ತು. ಮಳೆಗಾಲದಲ್ಲಿ ಹಳ್ಳ ದಂಡೆಯನ್ನು ಕೊರೆದು, ಯಾರ ಅಪ್ಪನನ್ನೋ ಯಾರ ಕೂಸನ್ನೋ ಎತ್ತಿಕೊಂಡು ಹೋಗುತ್ತಿತ್ತು. ಬಡವರು ಅದನ್ನು ಹಣೆಬರಹವೆಂದುಕೊಂಡು ಬದುಕಿದ್ದರು.

ಒಂದು ಆಷಾಢದಲ್ಲಿ ಕೂಲಿ ಫಕ್ಕೀರಪ್ಪ ತೀರಿಕೊಂಡ. ಹಳ್ಳ ದಂಡೆ ಮೀರಿ ಬಂದಿತ್ತು. ಅವನ ಹೆಂಡತಿ ದ್ಯಾಮವ್ವ ಬೇರೆ ದಾರಿ ಕಾಣದೆ, ವಿಮಾನ ಹೊತ್ತವರನ್ನು ಮರಡಿ ಹೊಲದ ಬಾಗಿಲಿಗೆ ಕರೆತಂದು ಒಂದು ಮೂಲೆ ಬೇಡಿದಳು. ಬಸವಪ್ರಭು ದೇಸಾಯರು ಬಾಗಿಲಿಗೆ ಅಡ್ಡ ನಿಂತರು.

"ದೇಸಾಯರ ಹೊಲ ಏನ್ ನಿಮ್ಮ ಸುಡಗಾಡ ಮಾಡೀರೇನು? ಹಳ್ಳ ಐತಲ್ಲ, ಅದರಾಗ ಒಗೀರಿ" ಎಂದರು.

ಹೊತ್ತವರು ಹಿಂದಿರುಗಿದರು. ಕೆಸರಿನಲ್ಲೇ ಕುಣಿ ತೋಡಿ ಫಕ್ಕೀರಪ್ಪನನ್ನು ಕೂರಿಸಿ ಬಂದರು. ಆ ಮಳೆಗೇ ದಂಡೆ ಕುಸಿಯಿತು. ಮರುದಿನ ದ್ಯಾಮವ್ವ ಹೋಗಿ ನೋಡಿದರೆ ಕುಣಿಯೂ ಇರಲಿಲ್ಲ, ಗಂಡನೂ ಇರಲಿಲ್ಲ.

ಬಸವಪ್ರಭುಗಳು ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಅಕ್ಕನಿಗೆ ಹೇಳಿದರು. ಬಿತ್ತಿದ ಹೊಲದಲ್ಲಿ ಜನ ತುಳಿದಾಡಲು ಬಿಡದಿದ್ದದ್ದು ಸರಿಯೆಂದೇ ನೀಲಾಂಬಿಕಾದೇವಿಯವರಿಗೆ ಅನಿಸಿತು. "ಮಾತನ್ನು ಸ್ವಲ್ಪ ಮರ್ಯಾದೆಯಿಂದ ಆಡಬೇಕಿತ್ತು" ಎಂದಷ್ಟೇ ಹೇಳಿ ಮಜ್ಜಿಗೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.

ಹಲವು ವರ್ಷಗಳು ಕಳೆದವು. ನೀಲಾಂಬಿಕಾದೇವಿಯವರಿಗೆ ಉಬ್ಬಸ ಹೆಚ್ಚಾಯಿತು. ತಮ್ಮ ಹಿಂದೆ ಏನಾದರೂ ಉಳಿಯಬೇಕು, ಊರು ನೆನೆಯಬೇಕು ಎಂಬ ವಿಚಾರ ಅವರಲ್ಲಿ ಗಟ್ಟಿಯಾಯಿತು. ಮರಡಿ ಹೊಲವನ್ನು ತಮ್ಮ ನಂತರ ಊರಿಗೆ ಬಿಟ್ಟುಕೊಡುವುದೆಂದು ನಿರ್ಧರಿಸಿ, ಗದಗಿನಿಂದ ವಕೀಲರನ್ನು ಕರೆಸಿ ಮೃತ್ಯುಪತ್ರ ಬರೆಸಿದರು. ಭೂಮಿಯಿಲ್ಲದ ಯಾರೇ ಸತ್ತರೂ ಅಲ್ಲಿ ಮಣ್ಣು ಕೊಡಬಹುದು. ಇದು ಸಣ್ಣ ದಾನವಲ್ಲ. ಆ ತನಕ ಸೂಗಿಹಾಳದಲ್ಲಿ ಯಾರೂ ಯೋಚಿಸದ ದಾನ. ಆದರೆ ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬುದು ಅವರ ಸ್ವಭಾವ. ಆದ್ದರಿಂದ ಹೊಲದ ನೆತ್ತಿಯಲ್ಲಿ ತಮ್ಮ ಸಮಾಧಿಗೆ ಕಲ್ಲಿನ ಮಂಟಪ, ಅದರ ಸುತ್ತ ದೇಸಾಯರ ಮನೆಯವರಿಗೆ ಮೀಸಲು, ನಡುವೆ ಒಂದು ಗೋಡೆ, ಗೋಡೆಯ ಕೆಳಗೆ ಊರವರು. ಪ್ರತಿ ಸಮಾಧಿಗೂ ವಾಡೆಯ ಒಪ್ಪಿಗೆ ಪಡೆಯತಕ್ಕದ್ದು ಎಂದೂ ಬರೆಸಿದರು.

ರುಜು ಹಾಕುವ ಮೊದಲು ಸದ್ಗುರುಗಳ ಆಶೀರ್ವಾದ ಬೇಕು. ಒಂದು ಮುಂಜಾನೆ ಅವರು ಕಾಗದ ಹಿಡಿದು ಬಾವಿಯ ಕಡೆ ಹೊರಟರು. ಜೊತೆಗೆ ಬರುವ ಆಳು ಅಂದು ಜ್ವರ ಬಂದು ಮಲಗಿದ್ದ. ಒಬ್ಬರೇ ಹೋದರು.

ತಗಡಿನ ನೆರಳಿನಲ್ಲಿ ಅಜ್ಜನವರು ಹಗ್ಗ ಹೊಸೆಯುತ್ತಿದ್ದರು. ನಾರು ಬಿಡಿಸಿ ಕೊಡುತ್ತಿದ್ದವಳು ದ್ಯಾಮವ್ವ. ಬಾವಿಕಟ್ಟೆಯ ಮೇಲೆ ಮುದುಕ ಗುರಶಿದ್ದಪ್ಪ, ನೀರಿಗೆ ಬಂದ ಹೆಂಗಸರು, ಹೀಗೆ ನಾಲ್ಕೆಂಟು ಮಂದಿ ಇದ್ದರು. ಅಜ್ಜನವರು ತಲೆಯೆತ್ತಿ ನೋಡಿ, ಹಗ್ಗದ ತುದಿಯನ್ನು ಮುಂದೆ ಚಾಚಿದರು.

"ಹಿಡಿ ತಂಗಿ."

ಕೊಡೆ ಹಿಡಿದ ಕೈಯಲ್ಲಿ ಹಗ್ಗ ಹಿಡಿಯಲು ಬರುವುದಿಲ್ಲ. ನೀಲಾಂಬಿಕಾದೇವಿಯವರು ಕ್ಷಣ ತಡೆದು, ಕೊಡೆ ಮಡಚಿ ಬಾವಿಕಟ್ಟೆಗೆ ಆನಿಸಿ, ತುದಿ ಹಿಡಿದು ಬಿಸಿಲಿಗೆ ಸರಿದರು. ಪುಂಡಿನಾರು ಅಂಗೈಗೆ ಚುಚ್ಚಿತು.

"ಓದು" ಎಂದರು ಅಜ್ಜನವರು.

ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಕಾಗದ ಹಿಡಿದು ಅವರು ನೆಟ್ಟಗೆ ನಿಂತು ಓದಿದರು. ಒಂದು ಅಕ್ಷರವೂ ತೊದಲಲಿಲ್ಲ. ಹೊಲವನ್ನು ಊರಿಗೆ ಕೊಡುವ ಮಾತು ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಗೋಡೆಯ ಮಾತು, ಒಪ್ಪಿಗೆಯ ಮಾತು ಬಂತು.

ಗುರಶಿದ್ದಪ್ಪ ಕೆಮ್ಮಿದ. "ಅಲ್ಲ್ರೀ ಬಾಯಿಸಾಹೇಬ್ರ, ಒಪ್ಪಿಗಿ ಕೇಳಾಕ ಯಾರು ಬರಬೇಕು? ಹೆಣಾನ ಬಂದು ವಾಡೇದ ಮುಂದ ನಿಂದರಬೇಕೋ ಹೆಂಗ?"

"ನಿಂದರಲೇಳಪಾ" ಎಂದಳು ಕೊಡ ಹೊತ್ತವಳೊಬ್ಬಳು. "ಬದುಕಿದ್ದಾಗ ನಿಂತು ರೂಢಿ ಐತಲ್ಲ ನಿನಗ."

ನಗೆಯೆದ್ದಿತು. ನೀಲಾಂಬಿಕಾದೇವಿಯವರು ಆ ಕಡೆ ತಿರುಗಲಿಲ್ಲ. "ವ್ಯವಸ್ಥೆ ಎಂದಮೇಲೆ ನಿಯಮ ಇರಲೇಬೇಕು" ಎಂದರು.

ಅಜ್ಜನವರು ನಗಲಿಲ್ಲ. "ಛಲೋ ಆತು ತಂಗಿ. ಊರಿಗೆ ಕೊಟ್ಟಿ. ನನಗೂ ಅಲ್ಲಿ ಒಂದ್ ಕುಣಿ ಇಡು" ಎಂದರು.

ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಅಜ್ಜನವರ ಗದ್ದುಗೆ ತಮ್ಮಲ್ಲಾಗಲೆಂದು ಹುಬ್ಬಳ್ಳಿಯ ಭಕ್ತರು ಹಾಲುಗಲ್ಲು ತರಿಸಿಟ್ಟಿದ್ದರು. ಎರಡು ಮಠದವರು ಅದಕ್ಕಾಗಿ ಮಾತುಬಿಟ್ಟಿದ್ದರು. ಯಾರಿಗೂ ಒಪ್ಪದವರು ಈಗ ತಾವಾಗಿಯೇ ಮರಡಿ ಹೊಲವನ್ನು ಬೇಡಿದ್ದರು. ನೀಲಾಂಬಿಕಾದೇವಿಯವರು ಕಾಗದವನ್ನು ಕೆಳಗಿಳಿಸಿದರು.

"ಮಂಟಪ ಬುದ್ಧಿಯವರಿಗೇ ಆಗಲಿ. ನೆತ್ತಿಯ ಜಾಗ ತಮ್ಮದು. ನಾನು ಪಾದದ ಕೆಳಗೆ ಇರುತ್ತೇನೆ."

"ನೆತ್ತಿ ಬ್ಯಾಡ. ಫಕ್ಕೀರಪ್ಪನ ಮಗ್ಗಲಿಗೆ ಇಡು."

ನೀಲಾಂಬಿಕಾದೇವಿಯವರಿಗೆ ಆ ಹೆಸರು ನೆನಪಿಗೆ ಬರಲು ಕ್ಷಣ ಹಿಡಿಯಿತು. ನಾರು ಬಿಡಿಸುತ್ತಿದ್ದ ದ್ಯಾಮವ್ವನ ಕೈ ನಿಂತಿತು.

"ಅಂವ ಅಲ್ಲೆಲ್ಲಿ ಅದಾನ್ರಿ ಅಜ್ಜಾ" ಎಂದಳು ದ್ಯಾಮವ್ವ ಮೆಲ್ಲಗೆ. "ಹಳ್ಳಕ್ಕ ಹ್ವಾದ."

"ಹಂಗಾದ್ರ ನಾನೂ ಹಳ್ಳಕ್ಕ."

ಇಷ್ಟನ್ನು ಅವರು ಹಗ್ಗದ ಅಳತೆ ಹೇಳುವಷ್ಟೇ ಸಹಜವಾಗಿ ಹೇಳಿದರು. ನೀಲಾಂಬಿಕಾದೇವಿಯವರ ಅಂಗೈಯಲ್ಲಿ ಹುರಿ ಬಿಗಿಯಾಗುತ್ತ ಬಂತು. ಬಿಡುವ ಹಾಗಿರಲಿಲ್ಲ.

"ಹಳ್ಳ ತೆಗೆದುಕೊಂಡು ಹೋದವನನ್ನು ನಾನು ಎಲ್ಲಿಂದ ತರಲಿ, ಬುದ್ಧಿ?" ಎಂದರು.

ಅಜ್ಜನವರು ಅವರ ಮುಖವನ್ನೇ ನೋಡಿದರು. "ಹ್ವಾದ ಹೆಣಾ ತರಾಕ ಆಗೂದಿಲ್ಲ ತಂಗಿ. ಆಡಿದ ಮಾತು ತಿರುಗಿ ತಗೊಳ್ಳಾಕ ಆಗತೈತಿ."

ಬಳಿಕ ಅವರು ಎದ್ದು ಬಂದು, ಹೊಸೆದು ಮುಗಿದ ಹಗ್ಗವನ್ನು ಅವರ ಕೈಯಿಂದ ಬಿಡಿಸಿಕೊಂಡರು. ಅದು ಯಾವ ಬಾವಿಗೆ ಎಂದು ನೀಲಾಂಬಿಕಾದೇವಿಯವರು ಕೇಳಿದರು. ಏನಾದರೂ ಕೇಳಬೇಕಲ್ಲ ಎಂದು ಕೇಳಿದ್ದಷ್ಟೇ.

"ಬಾವಿಗಲ್ಲ. ನನ್ನ ವಿಮಾನಕ್ಕ. ಬರೂ ಸೋಮವಾರ ಹೊಂಟೇನಿ."

ಸುದ್ದಿ ಊರೂರಿಗೆ ಹರಡಿತು. ಅಜ್ಜನವರಿಗೆ ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಎಂದಿನಂತೆ ರೊಟ್ಟಿ ಉಣ್ಣುತ್ತಿದ್ದರು, ಎಂದಿನಂತೆ ನಾರು ಬಿಡಿಸುತ್ತಿದ್ದರು. ನಂಬಿದವರು ಅತ್ತರು, ನಂಬದವರು ಸೋಮವಾರವನ್ನು ಕಾದರು.

ನೀಲಾಂಬಿಕಾದೇವಿಯವರಿಗೆ ಇನ್ನು ಮೃತ್ಯುಪತ್ರದಿಂದ ಉಪಯೋಗವಿರಲಿಲ್ಲ. ತಮ್ಮ ನಂತರ ಎಂದು ಬರೆದ ಕಾಗದ ತಮಗಿಂತ ಮೊದಲು ಹೋಗುವವರಿಗೆ ಹೇಗೆ ಸಂದೀತು? ಮರುದಿನವೇ ವಕೀಲರನ್ನು ಕರೆಸಿ ದಾನಪತ್ರ ಬರೆಸಿ, ತಾವೇ ರೋಣಕ್ಕೆ ಹೋಗಿ ನೋಂದಣಿ ಮಾಡಿಸಿದರು. ಮಂಟಪ, ಗೋಡೆ, ಮೀಸಲು, ಒಪ್ಪಿಗೆ ಯಾವುದೂ ಅದರಲ್ಲಿರಲಿಲ್ಲ. ಮರಡಿ ಹೊಲ ಊರಿನದು ಎಂದಷ್ಟೇ ಇತ್ತು.

ತಮ್ಮನವರು ತಕರಾರು ಮಾಡಿಯಾರೆಂದು ಅವರು ನಿರೀಕ್ಷಿಸಿದ್ದರು. ಆದರೆ ಬಸವಪ್ರಭುಗಳು ಹಿಗ್ಗಿದರು.

"ಅಜ್ಜಾರ ಗದ್ದಗಿ ನಮ್ಮ ಹೊಲದಾಗ ಆಗೂದಂದ್ರ ಸಣ್ಣ ಮಾತೇನಕ್ಕಾ? ಹುಬ್ಬಳ್ಳಿ ಮಂದಿ ಇನ್ನ ನಮ್ಮ ಬಾಗಲಕ್ಕ ಬರಬೇಕು. ಅಜ್ಜ ಮುತ್ಯಾ ಮಾಡದ ಹೆಸರು ನಾವು ಮಾಡಿದಂಗಾತು."

"ದ್ಯಾಮವ್ವನಿಗೆ ಆಡಿದ ಮಾತು?"

"ಯಾವ ಮಾತು?"

"ನಿನಗೆ ಗೊತ್ತಿದೆ, ಪ್ರಭು."

ಬಸವಪ್ರಭುಗಳ ಮುಖ ಕೆಂಪಾಯಿತು. "ದೇಸಾಯಿ ಬಾಯಿಂದ ತಪ್ಪಾತು ಅನ್ನೂ ಮಾತು ಇದುವರೆಗೆ ಬಂದಿಲ್ಲ. ಹೊಲಾ ಕೊಟ್ಟೀದಿ, ಬಾಗಲಾ ತೆಗೀತೇನಿ. ಇನ್ನೇನ್ ಬೇಕಂತ ಆಕಿಗೆ?"

ತಮ್ಮ ಬಾಯಿಂದಲೂ ಆ ಮಾತು ಎಂದೂ ಬಂದಿರಲಿಲ್ಲ ಎಂಬುದು ನೀಲಾಂಬಿಕಾದೇವಿಯವರಿಗೆ ತಿಳಿದಿತ್ತು. ಒಂದು ಚೀಲ ಜೋಳ, ಒಂದು ಇಳಕಲ್ ಸೀರೆ ದ್ಯಾಮವ್ವನ ಮನೆಗೆ ಕಳಿಸಿದರು. ಚೀಲವೂ ಸೀರೆಯೂ ಹಾಗೆಯೇ ಮರಳಿ ಬಂದವು. "ನನ್ನ ಕಡೆ ಜ್ವಾಳ ಅದಾವು ಅಂತ ಬಾಯಿಸಾಹೇಬ್ರಿಗೆ ಹೇಳು ಅಂದಳ್ರಿ" ಎಂದು ಒಯ್ದವನು ನೆಲ ನೋಡುತ್ತ ಹೇಳಿದ. ಎಂದಿನಂತೆ ಅವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಗ್ಗ ಹಿಡಿದ ಅಂಗೈಯ ಉರಿ ಮಾತ್ರ ಇನ್ನೂ ಆರಿರಲಿಲ್ಲ.

ಸೋಮವಾರ ಬಂತು. ಅಜ್ಜನವರು ಬಾವಿಯ ನೀರಿನಲ್ಲಿ ಸ್ನಾನ ಮಾಡಿದರು, ವಿಭೂತಿ ಧರಿಸಿದರು, ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ತಗಡಿನ ನೆರಳಿನಲ್ಲಿ ಕುಳಿತರು. ಸುತ್ತ ನೆರೆದ ಜನ ನೋಡುತ್ತಿದ್ದರು. ತುಟಿಗಳು ಸ್ವಲ್ಪ ಹೊತ್ತು ಅಲುಗುತ್ತಿದ್ದವು. ಆಮೇಲೆ ಅಲುಗಲಿಲ್ಲ. ಯಾವಾಗ ನಿಂತವೆಂದು ಹತ್ತಿರ ಕುಳಿತವರಿಗೂ ತಿಳಿಯಲಿಲ್ಲ. ಬಾವಿಯ ನೀರು ಕಲಕದೆ ಕನ್ನಡಿಯಂತೆ ನಿಂತಿತ್ತೆಂದು ನೀರಿಗೆ ಬಂದ ಹೆಂಗಸರು ಬಾಳಿಡೀ ಹೇಳಿಕೊಂಡರು.

ವಿಮಾನ ಕಟ್ಟಿದರು. ಅವರೇ ಹೊಸೆದ ಹಗ್ಗದಿಂದ ಅವರನ್ನು ಕೂತಂತೆಯೇ ಭದ್ರಪಡಿಸಿದರು. ಭಜನೆಯೊಂದಿಗೆ ಮೆರವಣಿಗೆ ಊರ ಪಡುವಲಿಗೆ ಸಾಗಿತು. ಅಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೊರಳಿದರೆ ಹಳ್ಳ, ಬಲಕ್ಕೆ ಏರಿದರೆ ಮರಡಿ ಹೊಲ. ಮರಡಿಯ ಬಾಗಿಲಿಗೆ ಬಸವಪ್ರಭು ದೇಸಾಯರು ಮಾವಿನ ತೋರಣ ಕಟ್ಟಿಸಿ, ಜರಿಪಟಗ ಸುತ್ತಿ, ಹಾರ ಹಿಡಿದು ನಿಂತಿದ್ದರು.

ಕವಲಿಗೆ ಬಂದೊಡನೆ ವಿಮಾನ ನಿಂತಿತು.

ಹೊತ್ತವರು ದಿನವಿಡೀ ಹತ್ತಿಯ ಅಂಡಿಗೆ ಎತ್ತುವ ಗಟ್ಟಿ ಆಳುಗಳು. ಬಲಕ್ಕೆ ಹೊರಳಲು ನೋಡಿದರು, ಕಾಲು ಏಳಲಿಲ್ಲ. ಹೆಗಲು ಬದಲಿಸಿದರು. ಬೇರೆಯವರು ಬಂದು ಹೆಗಲು ಕೊಟ್ಟರು. ಒಣ ಕಡ್ಡಿಯಂತಿದ್ದ ಮುದುಕರ ದೇಹ ಬಂಡೆಯಾಗಿತ್ತು. ಸುಮ್ಮನೆ ಎಡಕ್ಕೊಮ್ಮೆ ವಾಲಿ ನೋಡಿದರೆ ಹೂವಿನಷ್ಟು ಹಗುರ. ಭಜನೆ ತಾನಾಗಿ ನಿಂತಿತು. ಜನ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಮಣ್ಣಿನಲ್ಲಿ ಕೂತರು. "ಅಜ್ಜ ಹಳ್ಳಕ್ಕ ಹೊಂಟಾನ" ಎಂದ ಗುರಶಿದ್ದಪ್ಪ. ಅವನ ದನಿಯಲ್ಲಿ ಕುಚೇಷ್ಟೆಯಿರಲಿಲ್ಲ.

ನೀಲಾಂಬಿಕಾದೇವಿಯವರು ವಿಮಾನದ ಹಿಂದೆ ನಡೆಯುತ್ತಿದ್ದರು. ಅಷ್ಟು ದೂರ ನಡೆದು ಅವರಿಗೆ ಉಬ್ಬಸ ಹತ್ತಿತ್ತು. ಅಜ್ಜನವರ ಮುಖವನ್ನು ನೋಡಿದರು. ಅದರಲ್ಲಿ ಆಜ್ಞೆಯಿರಲಿಲ್ಲ, ಕೋಪವಿರಲಿಲ್ಲ. ಯಾರೋ ತುದಿ ಹಿಡಿದಾರೆಂದು ಕಾಯುವ ಮುಖ ಅದು. ನೀಲಾಂಬಿಕಾದೇವಿಯವರ ಎದೆಯಲ್ಲಿ ಇಷ್ಟು ವರ್ಷ ನೆಟ್ಟಗೆ ನಿಂತಿದ್ದದ್ದು ಏನೋ ಬಾಗಿತು. ಬಾಗಿದರೆ ಮುರಿಯುತ್ತೇನೆಂದು ಅವರು ಅಂದುಕೊಂಡಿದ್ದರು. ಮುರಿಯಲಿಲ್ಲ.

ಅವರು ಜನರನ್ನು ಸರಿಸಿಕೊಂಡು, ಹೆಂಗಸರ ನಡುವೆ ನಿಂತಿದ್ದ ದ್ಯಾಮವ್ವನ ಎದುರಿಗೆ ಹೋಗಿ ಎರಡೂ ಕೈ ಜೋಡಿಸಿದರು.

"ನಿಮ್ಮ ಯಜಮಾನರಿಗೆ ನಮ್ಮ ಮನೆಯಿಂದ ಅನ್ಯಾಯವಾಗಿದೆ. ನನ್ನಿಂದ ತಪ್ಪಾಯಿತು."

ದ್ಯಾಮವ್ವ ಹಿಂದೆ ಸರಿದಳು. "ಬ್ಯಾಡ್ರೀ ಯವ್ವಾ. ಅಂದಾವರು ನೀವಲ್ಲಲ್ರಿ."

"ಅಂದದ್ದನ್ನು ಕೇಳಿ ಉಣ್ಣುತ್ತ ಕೂತೆ."

ಇಷ್ಟು ವರ್ಷ ಅಳದ ದ್ಯಾಮವ್ವನ ಕಣ್ಣು ತುಂಬಿ ಬಂತು. ಅವಳು ಮುಂದೆ ಬಂದು, ಜೋಡಿಸಿದ ಆ ಕೈಗಳನ್ನು ತನ್ನ ಕೈಯಿಂದ ಇಳಿಸಿದಳು. "ಆತ್ರಿ" ಎಂದಳು.

ವಿಮಾನ ಹಗುರಾಯಿತು. ಹೊತ್ತವರು ಬೆರಗಾಗಿ ಬಲಕ್ಕೆ ಹೊರಳಿ ಮರಡಿಯ ಏರು ಹತ್ತಿದರು. ಜನ ಎದ್ದು ಹರ ಹರ ಎನ್ನುತ್ತ ಹಿಂದೆ ನಡೆದರು. ನೀಲಾಂಬಿಕಾದೇವಿಯವರೂ ದ್ಯಾಮವ್ವನೂ ಜೊತೆಯಾಗಿಯೇ ಏರಿದರು. ಯಾರು ಯಾರ ಕೈ ಹಿಡಿದಿದ್ದರೆಂದು ಹೇಳುವುದು ಕಷ್ಟ.

ಹೊಲದ ಬಾಗಿಲ ಮುಂದೆ ವಿಮಾನ ಮತ್ತೆ ನಿಂತಿತು.

ಇಂದು ಮರಡಿಗೆ ಹೋಗುವವರು ಅಜ್ಜನವರ ಗದ್ದುಗೆಗೆ ತಲೆಬಾಗುತ್ತಾರೆ. ಅದಕ್ಕೆ ಮಂಟಪವಿಲ್ಲ. ಅದರ ಎಡಕ್ಕೆ, ಕೆಳಗೆ ಯಾರೂ ಇಲ್ಲದ, ಫಕ್ಕೀರಪ್ಪನ ಹೆಸರಿನ ಒಂದು ಕಲ್ಲಿದೆ. ಬಲಕ್ಕೆ, ಮುಂದೆ ಅವರವರ ಕಾಲಕ್ಕೆ ತೀರಿಕೊಂಡ ದ್ಯಾಮವ್ವನವರ ಮತ್ತು ನೀಲಾಂಬಿಕಾದೇವಿಯವರ ಸಮಾಧಿಗಳಿವೆ. ಊರಿನ ಬಡವರು ಯಾರನ್ನೂ ಕೇಳದೆ ಅಲ್ಲಿ ತಮ್ಮವರನ್ನು ಮಣ್ಣಿಗೆ ಕೊಡುತ್ತಾರೆ. ಹಳ್ಳ ಈಗ ಯಾರನ್ನೂ ಒಯ್ಯುವುದಿಲ್ಲ. ಇದೆಲ್ಲ ಆದದ್ದು ಅಂದು ಆ ಬಾಗಿಲಲ್ಲಿ ನಡೆದದ್ದರಿಂದ.

ಅಂದು ಬಸವಪ್ರಭುಗಳು ಹಾರ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ನಿಂತರು. ತೋರಣದ ಕೆಳಗೆ ದಾರಿ ಪೂರ್ತಿ ತೆರೆದಿತ್ತು, ಆದರೂ ಹೊತ್ತವರ ಕಾಲು ಒಂದು ಗೇಣು ಮುಂದೆ ಸರಿಯಲಿಲ್ಲ. ಇಡೀ ಸೂಗಿಹಾಳ ಬಸವಪ್ರಭುಗಳನ್ನೇ ನೋಡುತ್ತಿತ್ತು. "ಅಕ್ಕಾ" ಎಂದರು ಅವರು, "ಬಾಗಲಾ ತೆಗದೇನಲ್ಲ. ಮಂದ್ಯಾಗ ನನ್ನ ಮಾನಾ ಕಳೀಬ್ಯಾಡ. ಮನೀಗೆ ಹೋಗಿ ಏನ್ ಬೇಕಾರ ಮಾತಾಡೋಣ."

ನೀಲಾಂಬಿಕಾದೇವಿಯವರು ಉಬ್ಬಸ ಇಳಿಯುವ ತನಕ ಕಾದರು. ಸೆರಗನ್ನು ಸರಿಪಡಿಸಿಕೊಂಡರು. ಬೆನ್ನು ನೆಟ್ಟಗೆ ಮಾಡಿ, ವಾಡೆಯ ಪಡಸಾಲೆಯಲ್ಲಿ ಮಾತಾಡುವ ಅದೇ ದನಿಯಲ್ಲಿ ಹೇಳಿದರು:

"ಪ್ರಭು, ದ್ಯಾಮವ್ವನವರ ಕ್ಷಮೆ ಕೇಳು."